ಕೊಕ್ಕೆಗೆ ಕಟ್ಟಿದ ನೊರಜು

ಮುಂಗಾರಿನ ನಾಲ್ಕು ಮಳೆ ಬಿದ್ದು ಹೊಸ ನೀರು ಬಂದ ಮೇಲೆ, ಹಾನಗಲ್ಲ, ಹಿರೇಕೆರೂರು, ಚಿಕ್ಕೇರೂರು ಕಡೆಯ ಯಾವ ಕೆರೆಯ ಏರಿಯ ಮೇಲೆ ಸಂಜೆ ಹೊತ್ತು ನಿಂತರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಸಣ್ಣ ಹುಳುಗಳು ಹೊಗೆಯ ಕಂಬದಂತೆ ಮೇಲೆದ್ದು ಗುಂಯ್‌ಗುಡುತ್ತಿರುತ್ತವೆ. ಕೆಳಗೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಉಂಗುರ ಏಳುತ್ತದೆ. ಹುಳುಗಳು ನೋಡಲು ಸೊಳ್ಳೆಯಂತಿದ್ದರೂ ಕಚ್ಚುವುದಿಲ್ಲ. ನೊರಜು ಎಂದುಕೊಂಡು ಜನ ಕೈ ಬೀಸಿ ಮುಂದೆ ಹೋಗುತ್ತಾರೆ.

ಇದೇ ಹುಳುವಿನ ಗೊಂಬೆಯನ್ನು ರೇಷ್ಮೆ ದಾರ, ಹಕ್ಕಿಯ ಗರಿ, ಬೆಳ್ಳಿಯ ತಂತಿಗಳಿಂದ ಗಾಳದ ಕೊಕ್ಕೆಗೆ ಕಟ್ಟಿ ಟ್ರೌಟ್ ಮೀನು ಹಿಡಿಯುವುದು ಇಂಗ್ಲೆಂಡಿನಲ್ಲಿ ಒಂದು ದೊಡ್ಡ ವಿದ್ಯೆ. ಕೆರೆಯ ದಂಡೆಯ ಮೇಲೆ ಬಿದಿರು ಕೋಲು ಹಿಡಿದು ಕುಳಿತವನಿಗೆ ಇದು ವಿಚಿತ್ರವಾಗಿ ಕಾಣಬಹುದು. ಎರೆಹುಳ ಇರುವಾಗ ಗರಿಯ ಹುಳು ಯಾಕೆ? ಆದರೆ ಈ ವಿದ್ಯೆಯ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ಒಬ್ಬ ಅರಸನ ಗ್ರಂಥ, ಒಬ್ಬ ಕಲೆಕ್ಟರನ ಪುಸ್ತಕ, ಒಂದು ಕಾಡುಕೋಳಿಯ ಗರಿ ಆ ಪಾಲನ್ನು ಹೇಳುತ್ತವೆ.

ಅರಸ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. ‘ಪಾನುಂಗಲ್ಲು’ ಎಂದು ಶಾಸನಗಳು ಕರೆಯುವ ಹಾನಗಲ್ಲಿನ ಸೀಮೆ ಆಗ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. 1130ರ ಸುಮಾರಿಗೆ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಅರಸನಿಗೆ ಬೇಕಾದುದೆಲ್ಲ ಅದರಲ್ಲಿದೆ. ನಾಲ್ಕನೆಯ ವಿಂಶತಿ ವಿನೋದಗಳದ್ದು. ಅವುಗಳಲ್ಲಿ ‘ಮತ್ಸ್ಯವಿನೋದ’ವೂ ಒಂದು.

ಮತ್ಸ್ಯವಿನೋದವೆಂದರೆ ಗಾಳದ ಬೇಟೆ. ಮೀನುಗಳನ್ನು ಅರಸ ಇಲ್ಲಿ ವಿಂಗಡಿಸುತ್ತಾನೆ. ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇರುವುವು, ಇಲ್ಲದವು, ದೊಡ್ಡವು, ಸಣ್ಣವು. ಯಾವ ಮೀನಿಗೆ ಯಾವ ತಿನಿಸು ಹಾಕಿ ಒಂದೆಡೆ ಸೇರುವ ರೂಢಿ ಹಿಡಿಸಬೇಕು, ಕೋಲು ಮತ್ತು ದಾರ ಎಂಥವಿರಬೇಕು, ಕಚ್ಚಿದ ಮೀನನ್ನು ಹೇಗೆ ದಣಿಸಿ ಎಳೆಯಬೇಕು ಎಂಬುದನ್ನೂ ತಿಳಿಸುತ್ತಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಮತ್ಸ್ಯಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲಿಷಿನಲ್ಲಿ ಗಾಳದ ವಿದ್ಯೆಯ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಚಾಲುಕ್ಯ ದೊರೆಯ ಬರಹ ಅದಕ್ಕಿಂತ ಮೂರೂವರೆ ಶತಮಾನದಷ್ಟು ಹಿಂದಿನದು.

ಎರಡೂ ಪರಂಪರೆಗಳ ನಡುವೆ ಒಂದು ವ್ಯತ್ಯಾಸವುಂಟು. ಸೋಮೇಶ್ವರ ಮೀನಿಗೆ ನಿಜವಾದ ತಿನಿಸನ್ನೇ ಕೊಡುತ್ತಾನೆ. ಪಶ್ಚಿಮದವರು ಸುಳ್ಳು ತಿನಿಸನ್ನು ಕಟ್ಟಲು ಕಲಿತರು. ಕ್ರಿಸ್ತಶಕ 200ರ ಸುಮಾರಿನ ಈಲಿಯನ್ ಎಂಬ ಲೇಖಕ, ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಕೋಳಿಯ ಗರಿ ಸಿಕ್ಕಿಸಿ ಮೀನು ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ. 1496ರ ಇಂಗ್ಲಿಷ್ ಪುಸ್ತಕದಲ್ಲಿ ಇಂಥ ಹನ್ನೆರಡು ಬಗೆಯ ನೊಣಗಳ ವಿವರವಿದೆ.

ಬಹುಕಾಲ ಈ ಕೃತಕ ನೊಣಗಳೆಲ್ಲ ಹರಿಯುವ ಹೊಳೆಗಾಗಿ ಕಟ್ಟಿದವು. ನಿಂತ ನೀರಿನ ಮೀನು ಅವಕ್ಕೆ ಅಷ್ಟು ಸುಲಭವಾಗಿ ಮರುಳಾಗುತ್ತಿರಲಿಲ್ಲ. 1904ರಲ್ಲಿ ಇಂಗ್ಲೆಂಡಿನ ಬ್ಲ್ಯಾಗ್ಡನ್ ಎಂಬಲ್ಲಿ ಕುಡಿಯುವ ನೀರಿನ ಜಲಾಶಯವೊಂದನ್ನು ಟ್ರೌಟ್ ಬೇಟೆಗೆ ತೆರೆದರು. ಅಲ್ಲಿಗೆ ಹೋಗುತ್ತಿದ್ದ ಬೆಲ್ ಎಂಬ ವೈದ್ಯರು 1920ರ ದಶಕದಲ್ಲಿ ಹಿಡಿದ ಮೀನಿನ ಹೊಟ್ಟೆ ಸೀಳಿ ಒಳಗೇನಿದೆ ಎಂದು ನೋಡತೊಡಗಿದರು. ಸಿಕ್ಕಿದ್ದು ನೊರಜಿನ ಕೋಶಗಳು.

ನೊರಜಿನ ಬದುಕು ಕೆರೆಯ ತಳದ ಕೆಸರಿನಲ್ಲಿ ಆರಂಭವಾಗುತ್ತದೆ. ಅದರ ಮರಿಹುಳುಗಳಲ್ಲಿ ಅನೇಕವುಗಳ ಬಣ್ಣ ರಕ್ತಗೆಂಪು. ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಅವುಗಳಲ್ಲೂ ಇರುವುದರಿಂದ ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲೂ ಅವು ಬದುಕುತ್ತವೆ. ಬೆಳೆದ ಹುಳು ಕೋಶಾವಸ್ಥೆ ಸೇರಿ, ಮೈ ಬಳುಕಿಸುತ್ತ ಮೆಲ್ಲಗೆ ಮೇಲಕ್ಕೆ ಬರುತ್ತದೆ. ನೀರಿನ ಪೊರೆಯ ಕೆಳಗೆ ಸ್ವಲ್ಪ ಹೊತ್ತು ನೇತಾಡಿ, ಚರ್ಮ ಒಡೆದು ರೆಕ್ಕೆ ಪಡೆದು ಹಾರಿಹೋಗುತ್ತದೆ. ಆ ನೇತಾಡುವ ಗಳಿಗೆಯಲ್ಲಿ ಅದಕ್ಕೆ ಓಡಲಾಗದು, ಅಡಗಲಾಗದು. ಮೀನಿಗೆ ಅದೇ ಹಬ್ಬ. ಸಂಜೆಯ ನೀರಿನ ಮೇಲೆ ಏಳುವ ಉಂಗುರಗಳಲ್ಲಿ ಎಷ್ಟೋ ಆ ಊಟದ ಗುರುತು.

ಬೆಲ್ ಆ ಗಳಿಗೆಯನ್ನೇ ಕೊಕ್ಕೆಗೆ ಕಟ್ಟಿದರು. ಇಂದಿಗೂ ಕಟ್ಟುವ ಕ್ರಮ ಹೆಚ್ಚು ಬದಲಾಗಿಲ್ಲ. ಸಣ್ಣ ಕೊಕ್ಕೆಯ ಬಾಗಿದ ಭಾಗದವರೆಗೂ ಕಪ್ಪು ದಾರವನ್ನು ತೆಳ್ಳಗೆ ಸುತ್ತುತ್ತಾರೆ. ಬಳುಕುವ ಮೈ ಅದು. ಅದರ ಮೇಲೆ ಬೆಳ್ಳಿ ಬಣ್ಣದ ಸಣ್ಣ ತಂತಿಯನ್ನು ಅಂತರ ಬಿಟ್ಟು ಸುತ್ತಿದರೆ ಮೈಯ ಗೆಣ್ಣುಗಳಾದವು. ಎದೆಯ ಉಬ್ಬಿಗೆ ನವಿಲುಗರಿಯ ಎಳೆ. ತಲೆಯ ಬಳಿ ಉಸಿರಾಟದ ಎಳೆಗಳ ಬದಲು ಬಿಳಿಯ ದಾರದ ಚಿಕ್ಕ ಕುಚ್ಚು. ದಾರ ಹೆಚ್ಚಾದರೆ ಕೆಟ್ಟಿತು; ಹುಳು ಎಷ್ಟು ತೆಳುವೋ ಗೊಂಬೆಯೂ ಅಷ್ಟೇ ತೆಳುವಾಗಿರಬೇಕು.

ಈ ಗರಿಗಳ ಮಾತು ಬಂದಾಗ ಕಥೆ ಮತ್ತೆ ನಮ್ಮ ಕಡೆ ತಿರುಗುತ್ತದೆ. ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯ ಕತ್ತಿನ ಗರಿಗಳ ತುದಿಯಲ್ಲಿ ಅರಗಿನ ಹನಿಯಂತೆ ಹೊಳೆಯುವ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಗೊಂಬೆಹುಳುವಿನ ಕೆನ್ನೆಗೂ ಕಣ್ಣಿಗೂ ಇದಕ್ಕಿಂತ ಒಪ್ಪುವ ಗರಿ ಇಲ್ಲವೆಂದು ಬ್ರಿಟಿಷ್ ಬೇಟೆಗಾರರು ನಂಬಿದ್ದರು. ದೂರದ ಹೊಳೆಯಲ್ಲಿ ಸಾಲ್ಮನ್, ಟ್ರೌಟ್ ಹಿಡಿಯಲು ಇಲ್ಲಿ ಕಾಡುಕೋಳಿಗಳು ಸತ್ತವು. 1902ರಲ್ಲಿ ಸರ್ಕಾರ ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಈಗ ಈ ಗರಿಗಳಿಗಾಗಿ ವಿದೇಶಗಳಲ್ಲಿ ಈ ಕೋಳಿಯನ್ನು ಸಾಕುತ್ತಾರೆ.

ಇನ್ನು ಕಲೆಕ್ಟರನ ಪುಸ್ತಕ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಭಾರತದ ಗಾಳದ ಬೇಟೆಗೆ ಬಹುಕಾಲ ಅದೇ ಆಧಾರಗ್ರಂಥ. 1887ರಲ್ಲಿ ಆತ ನಿಂತ ನೀರಿನ ಬೇಟೆಗೆಂದೇ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಬರೆದ. ದಕ್ಷಿಣ ಭಾರತದ ಕೆರೆಯೂ ಗಾಳಗಾರನಿಗೆ ಓದಬೇಕಾದ ವಿಷಯ ಎಂದು ಆತ ಕಂಡಿದ್ದ.

ಥಾಮಸ್ ಬರಿಯ ವಿನೋದಗಾರನಲ್ಲ. ಕರಾವಳಿಯ ಹೊಳೆಗಳಲ್ಲಿ ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷದಿಂದಲೂ ಮರಿಮೀನುಗಳು ರಾಶಿರಾಶಿಯಾಗಿ ನಾಶವಾಗುತ್ತಿವೆ ಎಂದು ಆತ ಸರ್ಕಾರಕ್ಕೆ ವರದಿ ಮಾಡಿದ. ಇಂಥ ದೂರುಗಳ ಕೊನೆಗೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಬಂದು, ನೀರಿಗೆ ವಿಷ ಬೆರೆಸುವುದು, ಸಿಡಿಮದ್ದು ಹಾಕುವುದು ಅಪರಾಧವೆನಿಸಿತು. ಆದರೆ ಈ ಮಾತಿಗೆ ಇನ್ನೊಂದು ಮುಖವೂ ಇದೆ. ಸಾಹೇಬನಿಗೆ ಬೇಟೆಯಾಗಿದ್ದ ಮೀನು ಹೊಳೆಯ ಬದಿಯ ಬಡವನಿಗೆ ಊಟವಾಗಿತ್ತು. ಅವನ ಬಲೆಯ ಕಣ್ಣನ್ನು ಅಳೆದ ಆಡಳಿತವೇ ತನ್ನ ಅಧಿಕಾರಿಗಳ ವಿನೋದಕ್ಕಾಗಿ ಹೊರಗಿನ ಟ್ರೌಟನ್ನು ನೀಲಗಿರಿಗೆ ತರಿಸಿತು. 1863ರಿಂದ ನಡೆದ ಪ್ರಯತ್ನಗಳು ಸೋತು, ಕೊನೆಗೆ 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಆರಂಭವಾದ ಮೇಲೆ ಅದು ಅಲ್ಲಿ ನೆಲೆ ನಿಂತಿತು.

ಟ್ರೌಟ್ ತಣ್ಣೀರಿನ ಮೀನು. ಬಯಲುಸೀಮೆಯ ಬಿಸಿಲಿಗೆ ಕಾಯುವ ಚಿಕ್ಕೇರೂರು ಕಡೆಯ ಕೆರೆಯಲ್ಲಿ ಅದು ಬದುಕದು. ಇಲ್ಲಿನ ಕೆರೆಗಳಲ್ಲಿ ಬಿಟ್ಟು ಸಾಕುವುದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು. ಆದರೆ ನೊರಜು ಎರಡೂ ಕಡೆ ಒಂದೇ. ಬ್ಲ್ಯಾಗ್ಡನ್ ಟ್ರೌಟಿಗೆ ಊಟವಾದ ಹುಳುವಿನ ಬಳಗವೇ ಇಲ್ಲಿನ ಗೆಂಡೆಗೂ ಊಟ. ಕೆಸರಿನಲ್ಲಿ ಬೇರೆ ಹುಳುಗಳೆಲ್ಲ ಮಾಯವಾಗಿ ಕೆಂಪು ಹುಳುಗಳೇ ತುಂಬಿಕೊಂಡರೆ ಕೆರೆಗೆ ಕೊಳಚೆ ಸೇರುತ್ತಿದೆ ಎಂದು ತಜ್ಞರು ಓದುತ್ತಾರೆ.

ಮೀನು ಏನು ತಿನ್ನುತ್ತದೆ ಎಂದು ಸೋಮೇಶ್ವರ ನೀರು ನೋಡಿ ಕೇಳಿದ. ಬೆಲ್ ಮೀನಿನ ಹೊಟ್ಟೆ ಸೀಳಿ ಕೇಳಿದರು. ಪ್ರಶ್ನೆ ಒಂದೇ. ಕೆರೆಯನ್ನು ಹರಾಜಿಗಿಡುವ ಮೊದಲು, ಹೂಳೆತ್ತುವ ಮೊದಲು ಆ ಪ್ರಶ್ನೆಯನ್ನು ಊರವರೂ ಕೇಳಿಕೊಂಡರೆ ಉತ್ತರ ಏರಿಯ ಮೇಲೆಯೇ, ಸಂಜೆಯ ನೊರಜಿನ ಕಂಬದಲ್ಲೇ ಇದೆ.