ಮೊಹರು ಮತ್ತು ಹೊಣೆ: ಸಮಾಜವಾದದ ನಂತರದ ಚೆಕ್ ವಾಸ್ತುಶಿಲ್ಪ ಕಾನೂನು

ಚೆಕೊಸ್ಲೊವಾಕಿಯಾದಲ್ಲಿ 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ವಾಸ್ತುಶಿಲ್ಪಿಗಳ ಖಾಸಗಿ ಕಚೇರಿಗಳು ಮುಚ್ಚಿದವು. ಅದೇ ವರ್ಷ ಸ್ಥಾಪನೆಯಾದ ಸ್ಟಾವೊಪ್ರೊಯೆಕ್ಟ್ ಎಂಬ ಸರ್ಕಾರಿ ವಿನ್ಯಾಸ ಸಂಸ್ಥೆಯಲ್ಲಿ ಅವರು ಸಂಬಳದ ನೌಕರರಾದರು. ವಾಸ್ತುಶಿಲ್ಪಿ ಕರೆಲ್ ಹುಬಾಚೆಕ್ ಅವರಿಗೆ ಯೆಷ್ಟೆಡ್ ಬೆಟ್ಟದ ಗೋಪುರಕ್ಕಾಗಿ 1969ರಲ್ಲಿ ಅಂತರರಾಷ್ಟ್ರೀಯ ಪೆರೆ ಪ್ರಶಸ್ತಿ ಬಂತು. ಆದರೂ 1968ರಲ್ಲಿ ಪ್ರತ್ಯೇಕವಾಗಿದ್ದ ಅವರ ಸಿಯಾಲ್ ಬಳಗ ಕೆಲವೇ ವರ್ಷಗಳಲ್ಲಿ ಮತ್ತೆ ಆ ಸಂಸ್ಥೆಯೊಳಗೇ ಸೇರಬೇಕಾಯಿತು. ಪ್ರತಿಭೆಯನ್ನು ಮೆಚ್ಚಿದ ಪ್ರಭುತ್ವಕ್ಕೆ ವೃತ್ತಿಯ ಸ್ವಾಯತ್ತತೆ ಸಹ್ಯವಾಗಲಿಲ್ಲ.

ಆದ್ದರಿಂದಲೇ 1992ರ 360ನೇ ಕಾಯ್ದೆಯನ್ನು ಮಾರುಕಟ್ಟೆ ಸುಧಾರಣೆಯ ಒಂದು ಅಂಗವೆಂದಷ್ಟೇ ಓದುವುದು ಸಾಲದು. ಚೆಕೊಸ್ಲೊವಾಕಿಯಾ ಒಕ್ಕೂಟ ಒಡೆಯುವ ಮೊದಲೇ ಚೆಕ್ ರಾಷ್ಟ್ರೀಯ ಮಂಡಳಿ ಅಂಗೀಕರಿಸಿದ ಈ ಕಾಯ್ದೆ ಎರಡು ಸ್ವಯಮಾಡಳಿತದ ವೃತ್ತಿ ಮಂಡಳಿಗಳನ್ನು ರಚಿಸಿತು: ಒಂದು ವಾಸ್ತುಶಿಲ್ಪಿಗಳದು, ಇನ್ನೊಂದು ನಿರ್ಮಾಣ ಕ್ಷೇತ್ರದ ಎಂಜಿನಿಯರು ಮತ್ತು ತಂತ್ರಜ್ಞರದು. ಪರೀಕ್ಷೆ ಮುಗಿಸಿ ಪ್ರಮಾಣವಚನ ಸ್ವೀಕರಿಸಿದವರಿಗೆ ರಾಜ್ಯಲಾಂಛನವಿರುವ ದುಂಡು ಮೊಹರು ಸಿಗುತ್ತದೆ. ಆ ಮೊಹರು ಬಿದ್ದ ನಕ್ಷೆಯನ್ನು ಆಡಳಿತ ಅಧಿಕೃತ ದಾಖಲೆಯಾಗಿ ಸ್ವೀಕರಿಸುತ್ತದೆ. ಹೊಣೆಗಾರಿಕೆಯ ವಿಮೆ ಕಡ್ಡಾಯ, ತಪ್ಪಿದರೆ ಶಿಸ್ತು ವಿಚಾರಣೆ. ಸಂಸ್ಥೆಯ ಹೆಸರಿನ ಹಿಂದೆ ಮರೆಯಾಗಿದ್ದ ಹೊಣೆ ಹೀಗೆ ಒಬ್ಬೊಬ್ಬ ವ್ಯಕ್ತಿಯ ಹೆಗಲಿಗೆ ಬಂತು. ಕಾಯ್ದೆಯ ನಿಜವಾದ ಸಾಧನೆ ಇದೇ ಎಂಬುದು ನನ್ನ ನಿಲುವು.

ಅದರ ಮಿತಿಯೂ ಸಣ್ಣದಲ್ಲ. ಸಾಮಾನ್ಯ ಕಟ್ಟಡಗಳ ನಕ್ಷೆಗೆ ಎಂಜಿನಿಯರ ಮೊಹರೂ ಸಾಕು. ವಾಸ್ತುಶಿಲ್ಪಿಯೇ ಬೇಕೆಂಬ ನಿಯಮ ಅನ್ವಯಿಸುತ್ತಿದ್ದುದು ಮುಖ್ಯವಾಗಿ ನಗರ ಯೋಜನೆಯಲ್ಲಿ ವಿಶೇಷವಾಗಿ ಗುರುತಿಸಿದ ಮಹತ್ವದ ಕಟ್ಟಡಗಳಿಗೆ, ಅದೂ ಅವುಗಳ ವಾಸ್ತುಶಿಲ್ಪ ಭಾಗಕ್ಕೆ ಮಾತ್ರ. ಜನ ಬಾಳುವ ಮನೆ, ನಡೆಯುವ ಬೀದಿ ಬಹುಪಾಲು ಈ ರಕ್ಷಣೆಯ ಹೊರಗೇ ಉಳಿದವು. ಜೊತೆಗೆ, ವೃತ್ತಿಗೆ ಹೊಸ ಕಾನೂನು ಬಂದರೂ ಕಟ್ಟಡಗಳನ್ನು ಆಳಿದ್ದು ಹಳೆಯದೇ: ತಿದ್ದುಪಡಿಗಳೊಂದಿಗೆ 1976ರ ನಿರ್ಮಾಣ ಕಾಯ್ದೆ 2006ರ ಕೊನೆಯವರೆಗೆ ಜಾರಿಯಲ್ಲಿತ್ತು. ಸ್ವತಂತ್ರ ವಾಸ್ತುಶಿಲ್ಪಿ ಹೀಗೆ ಹದಿನಾಲ್ಕು ವರ್ಷ ಸಮಾಜವಾದಿ ಕಾಲದ ಅನುಮತಿ ವ್ಯವಸ್ಥೆಯೊಳಗೇ ಕೆಲಸ ಮಾಡಬೇಕಾಯಿತು. ಸಮಾಜವಾದೋತ್ತರ ಬದಲಾವಣೆಯನ್ನು ವೃತ್ತಿ ಕಾನೂನೊಂದರಿಂದಲೇ ಅಳೆಯುವ ಅಧ್ಯಯನಗಳಿಗೆ ಈ ಎಳೆ ಕಾಣುವುದಿಲ್ಲ.

ವೃತ್ತಿ ಮಂಡಳಿಯ ಬುಡ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ನೆರೆಯ ಪೋಲೆಂಡ್ ಕಟುವಾದ ಉತ್ತರ ಕೊಡುತ್ತದೆ. ಸಾರ್ವಜನಿಕ ನಂಬಿಕೆಯ ವೃತ್ತಿಗಳಿಗೆ ಸ್ವಯಮಾಡಳಿತ ಸಂಸ್ಥೆಗಳನ್ನು ಕಾಯ್ದೆಯ ಮೂಲಕ ರಚಿಸಬಹುದೆಂದು 1997ರ ಸಂವಿಧಾನದ 17ನೇ ವಿಧಿ ಹೇಳುತ್ತದೆ. 2000ದ ಡಿಸೆಂಬರಿನ ಕಾಯ್ದೆ ವಾಸ್ತುಶಿಲ್ಪಿ, ನಿರ್ಮಾಣ ಎಂಜಿನಿಯರು, ನಗರ ಯೋಜಕರಿಗೆ ಅಂಥ ಮಂಡಳಿಗಳನ್ನು ಕೊಟ್ಟಿತು. ವೃತ್ತಿಗಳನ್ನು ಮುಕ್ತಗೊಳಿಸುವ ಹೆಸರಿನಲ್ಲಿ 2014ರಲ್ಲಿ ನಗರ ಯೋಜಕರ ಮಂಡಳಿಯನ್ನು ರದ್ದುಪಡಿಸಲಾಯಿತು, ಉಳಿದೆರಡು ಮುಂದುವರಿದವು.