ಸಮೀಕರಣದಿಂದ ತ್ರಿಕೋನಕ್ಕೆ



ವಕ್ಕಲೇರಿಯ ಮನೆಯಲ್ಲಿ ಕುಳಿತು ದೂರದರ್ಶನ ನೋಡುವ ನೀವು, ತಾರಸಿಯ ಮೇಲಿನ ಆಂಟೆನಾದ ಹಿಂದೆ ಎಂಥ ಗಣಿತವಿದೆಯೆಂದು ಯೋಚಿಸಿದ್ದೀರಾ? ಅದರ ಮೂಲ 1865ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್ ಸಮೀಕರಣಗಳು. ನಮ್ಮಂಥ ಪ್ರಸಾರದವರ ಅನ್ನವೂ ಅದರಲ್ಲೇ ಇದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯುತ್ಕಾಂತ ಸಿದ್ಧಾಂತವನ್ನು ಸುಮಾರು ಮೂರು ದಶಕ ಬೋಧಿಸಿದವರು ರಾಜೇಶ್ವರಿ ಚಟರ್ಜಿ (1922-2010).

ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ ಕಲಿತ ಈ ಕನ್ನಡತಿ, ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ನೆನೆಯುವುದುಂಟು. ನನಗೆ ದೊಡ್ಡದೆನಿಸುವುದು, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರು ಕಟ್ಟಿದ ಮೈಕ್ರೋವೇವ್ ಸಂಶೋಧನೆ ಮತ್ತು ಅವರಲ್ಲಿ ಪಿಎಚ್.ಡಿ. ಮಾಡಿದ 20 ಮಂದಿ.

ಮ್ಯಾಕ್ಸ್‌ವೆಲ್ ಸಮೀಕರಣಗಳು ಕಾಗದದ ಮೇಲೆ ಗೋಳ, ಸಿಲಿಂಡರಿನಂಥ ಅಚ್ಚುಕಟ್ಟಾದ ಆಕಾರಗಳಿಗಷ್ಟೇ ಸಲೀಸಾಗಿ ಬಗ್ಗುತ್ತವೆ. ವಿಮಾನದ ಮೈ ಹಾಗಿಲ್ಲವಲ್ಲ! ರಾಜೇಶ್ವರಿಯವರು ನಿವೃತ್ತರಾದ 1982ರಲ್ಲೇ ಇದಕ್ಕೊಂದು ದಾರಿ ಪ್ರಕಟವಾಯಿತು. ಅದೇ ಸಂಸ್ಥೆಯಲ್ಲಿ 1976ರಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ಸದಾಶಿವ ರಾವ್, ಅಮೆರಿಕದಲ್ಲಿ ವಿಲ್ಟನ್ ಮತ್ತು ಗ್ಲಿಸನ್ ಅವರೊಡನೆ ಸೇರಿ, ಲೋಹದ ಮೈಯನ್ನು ಪುಟ್ಟ ಪುಟ್ಟ ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕುವ ವಿಧಾನ ರೂಪಿಸಿದ್ದರು. ಎರಡು ತ್ರಿಕೋನಗಳು ಕೂಡುವ ಅಂಚನ್ನು ಎಷ್ಟು ವಿದ್ಯುತ್ ಪ್ರವಾಹ ದಾಟುತ್ತದೆ? ಕಂಡುಹಿಡಿಯಬೇಕಾದದ್ದು ಇಷ್ಟೇ. ಅಂಥ ಸಾವಿರ ಅಂಚುಗಳಿದ್ದರೆ ಸಾವಿರ ಸಮೀಕರಣ, ಹತ್ತು ಲಕ್ಷ ಸಂಖ್ಯೆಗಳ ಮ್ಯಾಟ್ರಿಕ್ಸ್. ಅದನ್ನು ಬಿಡಿಸುವುದು ಕಂಪ್ಯೂಟರಿನ ಪಾಲು. ಪಿಯುಸಿಯಲ್ಲಿ ನೀವು ಬಿಡಿಸುವ ಮೂರು ಸಾಲಿನ ಮ್ಯಾಟ್ರಿಕ್ಸ್ ಅದರ ಪುಟ್ಟ ತಮ್ಮ.