ರಣಹದ್ದು ಮತ್ತು ಕೊಳಕುಮಂಡಲ: ಒಂದೇ ಅಂಗ, ಎರಡು ವಿಷ

ಹನೂರಿನ ಕಾಡಂಚಿನ ದನದ ದೊಡ್ಡಿಯ ಬಳಿ ಹಸುವೊಂದು ಸತ್ತು ಬಿದ್ದಿದೆ. ಆಕಾಶದಲ್ಲಿ ಸುತ್ತುತ್ತಿದ್ದ ಬಿಳಿಬೆನ್ನಿನ ರಣಹದ್ದು ಹೆಣದ ಮೇಲೆ ಇಳಿಯುತ್ತದೆ. ಅದೇ ಹೊತ್ತಿಗೆ ಪಕ್ಕದ ಲಂಟಾನ ಪೊದೆಯಿಂದ ಕೊಳಕುಮಂಡಲವೊಂದು ಹರಿದು ಬರುತ್ತದೆ. ಇದು ಊಹೆಯ ದೃಶ್ಯ. ಆದರೆ ಇವೆರಡೂ ಎದುರಾದರೆ ಗೆಲ್ಲುವುದು ಯಾವುದು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ದನ, ಕಾಡು, ಔಷಧಿ ಅಂಗಡಿ ಎಲ್ಲವೂ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ.

ಮೊದಲು ಮೈಕಟ್ಟು ನೋಡಬೇಕು. ಬಿಳಿಬೆನ್ನಿನ ರಣಹದ್ದು ನಾಲ್ಕೈದು ಕಿಲೋ ತೂಗುತ್ತದೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಗಿಲು. ಇಷ್ಟು ದೊಡ್ಡ ಹಕ್ಕಿಗೆ ಪಂಜದ ಬಲವಿಲ್ಲ. ಅದರ ಬೆರಳುಗಳು ನೆಲದ ಮೇಲೆ ನಡೆಯಲು, ಹೆಣದ ಮೇಲೆ ನಿಲ್ಲಲು ತಕ್ಕಂತಿವೆ. ಉಗುರು ಮೊಂಡು, ಜೀವಂತ ಬೇಟೆಯನ್ನು ಅಮುಕಿ ಹಿಡಿಯಲಾರದು. ಅದರ ಶಕ್ತಿಯೆಲ್ಲ ಚರ್ಮ ಸೀಳುವ ಕೊಕ್ಕಿನಲ್ಲಿದೆ. ಕೊಳಕುಮಂಡಲವೋ ಒಂದು ಮೀಟರಿನ ಆಸುಪಾಸಿನ ದಪ್ಪ ಹಾವು. ಸುರುಳಿ ಸುತ್ತಿ, ಕುಕ್ಕರಿನ ಸೀಟಿಯಂತೆ ಬುಸುಗುಟ್ಟಿ, ಉದ್ದನೆಯ ವಿಷದ ಹಲ್ಲನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ನೆಟ್ಟು ಹಿಂದೆ ಸರಿಯಬಲ್ಲದು.

ಹೀಗಾಗಿ ಕಾಳಗ ನಡೆಯುವುದೇ ಇಲ್ಲ. ಹಾವಿಗೆ ಹದ್ದು ಆಹಾರವಲ್ಲ, ಹದ್ದಿಗೆ ಜೀವಂತ ಹಾವು ಬೇಕಿಲ್ಲ. ಬುಸುಗುಟ್ಟಿದ ಕಡೆಯಿಂದ ಹಕ್ಕಿ ಎರಡು ಹೆಜ್ಜೆ ಹಾರಿ ಹೆಣದ ಮತ್ತೊಂದು ಬದಿಗೆ ಹೋಗುತ್ತದೆ.

ಹಾವನ್ನೇ ಹುಡುಕಿ ಕೊಲ್ಲುವ ಹಕ್ಕಿಗಳು ಬೇರೆ ಇವೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಶಿಳ್ಳೆ ಹಾಕುತ್ತ ಗಿರಕಿ ಹೊಡೆಯುವ ಜುಟ್ಟಿನ ಹಾವುಗಿಡುಗ ಅಂಥದ್ದು. ಅದಕ್ಕೆ ರಕ್ಷೆ ಕಾಲಿನ ಒರಟು ಹುರುಪೆ, ದಟ್ಟ ಗರಿ ಮತ್ತು ವೇಗ. ಬೆಟ್ಟದ ರಂಗನಾಥನ ವಾಹನವಾದ ಗರುಡನ ಹೆಸರು ಹೊತ್ತ ಹಕ್ಕಿ ಕಾವೇರಿಯ ದಂಡೆಯಲ್ಲಿ ಸತ್ತ ಮೀನನ್ನೂ ಹೆಕ್ಕುತ್ತದೆ, ಸಣ್ಣ ಹಾವನ್ನೂ ಎತ್ತಿಕೊಂಡು ಹೋಗುತ್ತದೆ. ಪುರಾಣದ ಗರುಡ–ನಾಗ ವೈರಕ್ಕೆ ಕಣ್ಣೆದುರಿನ ಆಧಾರ ಸಿಗುವುದು ಇವುಗಳಲ್ಲಿ. ರಣಹದ್ದನ್ನು ಆ ಕಥೆಗೆ ಸೇರಿಸಿದ್ದು ‘ಹದ್ದು’ ಎಂಬ ಒಂದೇ ಪದವನ್ನು ಎಲ್ಲಕ್ಕೂ ಬಳಸುವ ನಮ್ಮ ಮಾತಿನ ರೂಢಿ.

ಈಗ ಪ್ರಶ್ನೆಯನ್ನು ತುಸು ಬದಲಿಸಬೇಕು. ಕೊಳಕುಮಂಡಲ ಕಚ್ಚಿದ್ದರಿಂದಲೇ ಆ ಹಸು ಸತ್ತಿದ್ದರೆ? ರಣಹದ್ದು ನಿಶ್ಚಿಂತೆಯಿಂದ ತಿನ್ನುತ್ತದೆ. ಹಾವಿನ ವಿಷ ಬಹುಪಾಲು ಪ್ರೋಟೀನು. ರಕ್ತಕ್ಕೆ ಸೇರಿದರೆ ಅದು ಕೊಲ್ಲುತ್ತದೆ, ಹೊಟ್ಟೆಗೆ ಹೋದರೆ ಮಾಂಸದಂತೆಯೇ ಜೀರ್ಣವಾಗುತ್ತದೆ. ಕೊಳೆತ ಹೆಣದ ರೋಗಾಣುಗಳನ್ನೇ ಅರಗಿಸುವ ತೀಕ್ಷ್ಣ ಜಠರಾಮ್ಲಕ್ಕೆ ಇದು ದೊಡ್ಡ ಕೆಲಸವಲ್ಲ.

ಅದೇ ಹಸುವಿಗೆ ಸಾಯುವ ಮುನ್ನ ನೋವು, ಬಾವು ಇಳಿಯಲೆಂದು ಡೈಕ್ಲೋಫಿನಾಕ್ ಸೂಜಿ ಚುಚ್ಚಿದ್ದರೆ ಕಥೆಯೇ ಬೇರೆ. ಅದು ಪ್ರೋಟೀನಲ್ಲ, ಸಣ್ಣ ರಾಸಾಯನಿಕ ಅಣು. ಜಠರಾಮ್ಲವನ್ನು ದಾಟಿ ರಕ್ತಕ್ಕಿಳಿದು ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಒಳಾಂಗಗಳ ಮೇಲೆ ಕೂರುತ್ತದೆ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ಪಾಕಿಸ್ತಾನದಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಇದನ್ನು ಖಚಿತಪಡಿಸಿತು. ಕೊಳಕುಮಂಡಲ ಕಚ್ಚಿದ ಮನುಷ್ಯನಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹಳಿತಪ್ಪುತ್ತದೆ, ಎಷ್ಟೋ ಬಾರಿ ಮೂತ್ರಪಿಂಡವೂ ಸೋಲುತ್ತದೆ. ಹಾವು ಮನುಷ್ಯನ ಯಾವ ಅಂಗವನ್ನು ಕೆಡಿಸುತ್ತದೋ, ಮನುಷ್ಯನ ಔಷಧಿ ರಣಹದ್ದಿನ ಅದೇ ಅಂಗವನ್ನು ಕೆಡಿಸುತ್ತದೆ. ಈ ಸಾಮ್ಯವೇ ನಿಜವಾದ ಹೋಲಿಕೆಗೆ ಯೋಗ್ಯವಾದದ್ದು.

ಭಾರತದಲ್ಲಿ 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99.9ರಷ್ಟು ಕುಸಿಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಔಷಧಿ ಉಳಿದಿದ್ದರೂ ಇಂಥ ಕುಸಿತಕ್ಕೆ ಅದು ಸಾಕು ಎಂದು ಲೆಕ್ಕಾಚಾರಗಳು ತೋರಿಸಿವೆ. ಒಂದೇ ಹೆಣಕ್ಕೆ ಹತ್ತಾರು ಹಕ್ಕಿಗಳು ಮುತ್ತುವುದು ಇದಕ್ಕೆ ಕಾರಣ. ಮೇಲಾಗಿ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಕೊಳಕುಮಂಡಲ ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಮರಿಗಳನ್ನು ಹಾಕುತ್ತದೆ. ಸುವರ್ಣಾವತಿ ಬಯಲಿನ ಗದ್ದೆಗಳಲ್ಲಿ ಇಲಿ ಇರುವವರೆಗೆ ಅದಕ್ಕೆ ಊಟದ ಕೊರತೆಯಿಲ್ಲ. ಈ ಸ್ಪರ್ಧೆಯಲ್ಲಿ ಹಾವು ಗೆದ್ದಿರುವುದು ಹಲ್ಲಿನಿಂದಲ್ಲ, ಸಂತಾನದಿಂದ.

ದನಗಳಿಗೆ ಡೈಕ್ಲೋಫಿನಾಕ್ ಬಳಸುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನೂ ಕುಗ್ಗಿಸಲಾಯಿತು. ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್‌ಗಳ ಸರದಿ 2023ರಲ್ಲಿ ಬಂತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ಧಾಮವಾಯಿತು. ದಕ್ಷಿಣದ ಬಿಳಿಬೆನ್ನಿನ ರಣಹದ್ದುಗಳಿಗೆ ಇಂದು ಮುಖ್ಯ ನೆಲೆ ಬಂಡೀಪುರ, ಮುದುಮಲೆಗಳ ನಡುವಿನ ಮೋಯಾರ್ ಕಣಿವೆ. ಆಹಾರಕ್ಕಾಗಿ ದಿನಕ್ಕೆ ಹತ್ತಾರು ಕಿಲೋಮೀಟರ್ ತೇಲಬಲ್ಲ ಹಕ್ಕಿಗೆ ಅಲ್ಲಿಂದ ಈ ಸೀಮೆ ಬಹಳ ದೂರವೇನಲ್ಲ.

ಆದರೆ ಇಲ್ಲಿಗೆ ಬಂದ ಹಕ್ಕಿಯ ಪಾಲಿಗೆ ಯಾವ ಹೆಣ ಕಾದಿರುತ್ತದೆ? 2025ರ ಜೂನ್ 26ರಂದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಸಿಕ್ಕವು. ಅವು ತಿಂದದ್ದು ವಿಷ ಹಾಕಿದ ಹಸುವಿನ ಹೆಣ. ಹುಲಿಗೆ ದನ ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಆದರೆ ಅಂಥ ಹೆಣಕ್ಕೆ ರಣಹದ್ದಿನ ಹಿಂಡು ಇಳಿದರೆ, ದಶಕಗಳ ರಕ್ಷಣೆಯ ಫಲ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ.

ಹಾವಿನ ಲೆಕ್ಕವೂ ಹಗುರವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕೊಳಕುಮಂಡಲದ ವಿಷಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷವಾದರೂ ಇದೆ. ಡೈಕ್ಲೋಫಿನಾಕ್ ತಿಂದ ರಣಹದ್ದಿಗೆ ಕಾಡಿನಲ್ಲಿ ಮದ್ದು ಕೊಡುವವರಿಲ್ಲ.

ಹಕ್ಕಿಗೆ ಹಾನಿ ಮಾಡದ ಮೆಲಾಕ್ಸಿಕಾಮ್ ಪಶು ಔಷಧಿಯಾಗಿ ಸಿಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ದನಗಾಹಿಗಳು ಕೊಟ್ಟಿಗೆಗೆ ಬಂದ ಪಶುವೈದ್ಯರನ್ನು ಸೂಜಿ ಚುಚ್ಚುವ ಮುನ್ನ ಔಷಧಿಯ ಹೆಸರು ಕೇಳಲಿ. ಚಿಕಿತ್ಸೆ ಪಡೆಯುತ್ತಲೇ ಸತ್ತ ದನವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಲಿ.